ಹಾಸಿಗೆ ಹುಣ್ಣಿಗೆ ಯಾವ ಪಟ್ಟಿ? ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ನರ್ಸ್. ಮೊದಲು ಸರ್ಜರಿ ವಾರ್ಡಿನಲ್ಲಿದ್ದೆ. ಈಗ ಮನೆಮನೆಗೆ ಹೋಗಿ ಹಾಸಿಗೆ ಹುಣ್ಣಿಗೆ, ಅಂದರೆ ಒಂದೇ ಕಡೆ ಮಲಗಿ ಮಲಗಿ ಆಗುವ ಗಾಯಕ್ಕೆ, ಡ್ರೆಸ್ಸಿಂಗ್ ಮಾಡುತ್ತೇನೆ. ಲಕ್ವ ಹೊಡೆದು ಮಲಗಿದವರು, ತೊಡೆಯ ಮೂಳೆ ಮುರಿದ ಅಜ್ಜಿಯರು, ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಹುಡುಗರು, ನಾನು ನೋಡುವುದು ಇಂಥವರನ್ನೇ. ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಶುರುವಾಗುತ್ತದೆ. ಒಬ್ಬರಿಗೆ ಹೇಳಿದ್ದನ್ನೇ ಇನ್ನೊಬ್ಬರಿಗೆ ಹೇಳಿ ಹೇಳಿ, ಕೊನೆಗೆ ಬರೆದೇ ಇಡೋಣ ಅನ್ನಿಸಿತು. ಇದು ದೊಡ್ಡವರ ಹುಣ್ಣಿನ ವಿಷಯ ಮಾತ್ರ. ನಿಮ್ಮವರ ಗಾಯವನ್ನು ಕಣ್ಣಾರೆ ನೋಡಿದ ಡಾಕ್ಟರ್ ಬೇರೆ ಹೇಳಿದ್ದರೆ ಅವರ ಮಾತನ್ನೇ ಕೇಳಿ.

"ಸಿಸ್ಟರ್, ದುಬಾರಿ ಪಟ್ಟಿ ಹಚ್ಚಿದ್ರ ಜಲ್ದಿ ಮಾಯ್ತದೇನ್ರಿ?"

ದುಬಾರಿ ಅನ್ನೋ ಒಂದೇ ಕಾರಣಕ್ಕೆ ಮಾಯುವುದಿಲ್ಲ. 2017ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು 51 ಅಧ್ಯಯನಗಳನ್ನು, ಅಂದರೆ 2,947 ಜನರ ಲೆಕ್ಕವನ್ನು, ಒಟ್ಟಿಗೆ ಇಟ್ಟುಕೊಂಡು ನೋಡಿದರು. ಸ್ಪಂಜಿನಂಥ ಫೋಮ್, ಗಾಯಕ್ಕೆ ನೀರು ಕೊಡುವ ಜೆಲ್, ನೀರು ಹೀರುವ ಆಲ್ಜಿನೇಟ್, ಮುಲಾಮು, ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ (ಜಾಳುಜಾಳಾದ ಹತ್ತಿ ಬಟ್ಟೆ), ಎಲ್ಲವೂ ಅದರಲ್ಲಿದ್ದವು. ಇದೇ ಮೇಲು ಅಂತ ಒಂದಕ್ಕೆ ಬೆರಳು ತೋರಿಸಲು ಅವರಿಗೆ ಆಗಲಿಲ್ಲ. ಅಧ್ಯಯನಗಳು ಬಹುತೇಕ ಚಿಕ್ಕವು, ಮಾಡಿದ ರೀತಿಯಲ್ಲೂ ಕೊರತೆ ಇತ್ತು. ಅಂಗಡಿಯಲ್ಲಿ ಯಾರಾದರೂ "ಇದು ಗ್ಯಾರಂಟಿ ರೀ" ಅಂದರೆ ಈ ಲೆಕ್ಕ ನೆನಪಿರಲಿ.

ಹಾಗಂತ ಕೈಗೆ ಸಿಕ್ಕಿದ್ದನ್ನು ಹಚ್ಚಿದರೂ ನಡೆಯುತ್ತದೆ ಅಂತ ತಿಳಿಯಬೇಡಿ. ಒದ್ದೆ ಗಾಯಕ್ಕೆ ಜೆಲ್ ಹಾಕಿದರೆ ಸುತ್ತಲ ಚರ್ಮ ಕೊಳೆಯುತ್ತದೆ. ಒಣ ಗಾಯಕ್ಕೆ ಆಲ್ಜಿನೇಟ್ ಹಾಕಿದರೆ ಅದು ಅಲ್ಲೇ ಅಂಟಿ ಕೂರುತ್ತದೆ. ಇವತ್ತಿನ ಗಾಯ ಹೇಗಿದೆಯೋ ಅದಕ್ಕೆ ತಕ್ಕ ಪಟ್ಟಿ ಬೇಕು. ಗಾಯ ಬದಲಾದಾಗ ಪಟ್ಟಿಯೂ ಬದಲಾಗಬೇಕು.

ಇದಕ್ಕಿಂತ ಮೊದಲಿನ ಮಾತು ಒಂದಿದೆ. ಹುಣ್ಣು ಆಗಿದ್ದೇ ಮೈಭಾರದಿಂದ. ಒಳಗಿನ ಮೂಳೆಗೂ ಕೆಳಗಿನ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹೋಗದೆ ಅದು ಸತ್ತಿದೆ. ಹೋದ ಬೇಸಿಗೆಯಲ್ಲಿ ಒಂದು ಮನೆಗೆ ಹೋದೆ. ತಂಪಾಗಿರುತ್ತದೆ ಅಂತ ಆ ಮನೆ ಸೊಸೆಯ ಮಾವನವರನ್ನು ಶಹಾಬಾದ್ ಕಲ್ಲಿನ ನೆಲದ ಮೇಲೆ ಎರಡೇ ಕೌದಿ ಹಾಸಿ ಮಲಗಿಸಿದ್ದರು. ಟೊಂಕದ ಕೆಳಗೆ ಅಂಗೈ ಅಗಲದ ಗಾಯ. ಅದರ ಮೇಲೆ ಹೈದರಾಬಾದಿನಿಂದ ತರಿಸಿದ ಒಳ್ಳೆ ಫೋಮ್ ಡ್ರೆಸ್ಸಿಂಗ್. ಕೌದಿ ಕೆಳಗೆ ನನ್ನ ಕೈ ತೂರಿಸಿ ನೋಡಿದೆ. ಕಲ್ಲು ನೇರ ಬೆರಳಿಗೆ ಒತ್ತುತ್ತಿತ್ತು. ಆ ಕಲ್ಲಿನ ಮೇಲೆ ಎಂಥ ಫೋಮ್ ಹಾಕಿದರೂ ಏನು ಮಾಡೀತು? ಅವತ್ತು ಡ್ರೆಸ್ಸಿಂಗ್ ಬದಲಿಸಲಿಲ್ಲ. ಮೊದಲು ಮಂಚ ತರಿಸಿದೆ.

ಇದು ಹಾಸಿಗೆ ಹುಣ್ಣೇ ಅಂತ ಗೊತ್ತಾಗೋದು ಹೇಗೆ?

ಜಾಗ ನೋಡಿ. ಮೂಳೆ ಉಬ್ಬಿರುವ ಕಡೆ ಆಗಿದ್ದರೆ ಹೆಚ್ಚು ಕಡಿಮೆ ಅದೇ. ಟೊಂಕದ ಕೆಳಗಿನ ಮೂಳೆ, ಹಿಮ್ಮಡಿ, ತೊಡೆಯ ಪಕ್ಕ, ಕುಂಡೆಯ ಕೆಳಭಾಗ, ಮೊಣಕೈ, ತಲೆಯ ಹಿಂಭಾಗ. ತೊಡೆಸಂದಿಯಲ್ಲಿ, ಕುಂಡೆಯ ಸೀಳಿನ ಎರಡೂ ಬದಿಗೆ, ಹರಡಿದ ಹಾಗೆ ಚರ್ಮ ಕೆಂಪಾಗಿ ಸುಲಿದಿದ್ದರೆ ಅದು ಉಚ್ಚೆ, ಮಲದ ಒದ್ದೆಯಿಂದ ಆಗಿರಬಹುದು. ಅದಕ್ಕೆ ಬೇಕಾಗಿರುವುದು ಸ್ವಚ್ಛತೆ ಮತ್ತು ಜಿಂಕ್ ಇರುವ ಕ್ರೀಮ್. ಎರಡೂ ಒಟ್ಟಿಗೆ ಇರುವ ಮನೆಗಳೂ ಉಂಟು.

ಡಾಕ್ಟರ್ ಚೀಟಿಯಲ್ಲಿ ಒಂದರಿಂದ ನಾಲ್ಕು ಅಂತ ಹಂತ ಬರೆದಿರುತ್ತಾರೆ. ಚರ್ಮ ಒಡೆದಿಲ್ಲ, ಆದರೆ ಬೆರಳಿಂದ ಒತ್ತಿದರೂ ಕೆಂಪು ಮಾಸುವುದಿಲ್ಲ ಅಂದರೆ ಒಂದನೇ ಹಂತ. ಮೇಲ್ಚರ್ಮ ಕಿತ್ತು ತೆಳುವಾದ ಗಾಯ, ಇಲ್ಲವೇ ನೀರ್ಗುಳ್ಳೆ ಆಗಿದ್ದರೆ ಎರಡು. ಚರ್ಮದ ಕೆಳಗಿನ ಕೊಬ್ಬಿನವರೆಗೂ ಗುಂಡಿ ಬಿದ್ದಿದ್ದರೆ ಮೂರು. ಮೂಳೆ, ಸ್ನಾಯು, ನರದಂಥ ಬಿಳಿ ದಾರಗಳು ಕಂಡರೆ ನಾಲ್ಕು. ಕಪ್ಪು ಅಥವಾ ಹಳದಿ ಪೊರೆ ಮುಚ್ಚಿಕೊಂಡು ತಳ ಕಾಣದಿದ್ದರೆ ಹಂತ ಹೇಳಲು ಆಗುವುದಿಲ್ಲ ಅಂತಲೇ ಬರೆಯುತ್ತಾರೆ. 2016ರಿಂದ ಅಮೆರಿಕದ ತಜ್ಞರು ಇದನ್ನು ಹುಣ್ಣು ಅನ್ನದೆ ಒತ್ತಡದ ಗಾಯ ಅನ್ನತೊಡಗಿದ್ದಾರೆ. ಚರ್ಮ ಒಡೆಯುವ ಮೊದಲೇ ಒಳಗೆ ಪೆಟ್ಟಾಗಿರುತ್ತದೆ, ಅದಕ್ಕೆ.

ನಮ್ಮ ಕಡೆಯ ಕಪ್ಪು ಮೈಬಣ್ಣಕ್ಕೆ ಈ "ಕೆಂಪು" ಕಣ್ಣಿಗೆ ಬೀಳುವುದೇ ಇಲ್ಲ. ಕೈಹಿಂಭಾಗ ಇಟ್ಟು ನೋಡಿ. ಆ ಜಾಗ ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದರೆ ಮುಖ ಸಿಂಡರಿಸುತ್ತಾರಾ? ಹಾಗಿದ್ದರೆ ಕೆಂಪು ಕಾಣಲಿ ಬಿಡಲಿ, ಆ ಬದಿಗೆ ಮಲಗಿಸುವುದನ್ನು ಅವತ್ತೇ ನಿಲ್ಲಿಸಿ. ತಿಕ್ಕಬೇಡಿ, ಮಾಲೀಸ್ ಬೇಡ.

ಗಾಳಿ ಬಿಸಿಲು ತಾಗಿದರೆ ಗಾಯ ಒಣಗುತ್ತದೆ ಅಲ್ವಾ? ಹಾಗೇ ತೆರೆದಿಟ್ಟರೆ ಏನು?

ಇದು ನಮ್ಮ ಅವ್ವಂದಿರ ಕಾಲದ ನಂಬಿಕೆ. ನನ್ನ ಅವ್ವನೂ ಹಾಗೇ ಮಾಡುತ್ತಿದ್ದಳು. ಆದರೆ 1962ರಲ್ಲಿ ಜಾರ್ಜ್ ವಿಂಟರ್ ಅನ್ನುವವರು ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಪಾಲಿಥಿನ್ ಹಾಳೆ ಮುಚ್ಚಿ ಹಸಿಯಾಗಿ ಇಟ್ಟ ಗಾಯದ ಮೇಲೆ, ತೆರೆದು ಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹೊಸ ಚರ್ಮ ಹರಡಿತು. ಕಾರಣ ಸರಳ. ಹೊಸ ಚರ್ಮ ಅಂಚಿನಿಂದ ಒಳಕ್ಕೆ ತೆವಳಿಕೊಂಡು ಬರುತ್ತದೆ. ತಳ ಹಸಿ ಇದ್ದರೆ ಸಲೀಸಾಗಿ ಜಾರುತ್ತದೆ. ಒಣಗಿ ಹಕ್ಕಳೆ ಕಟ್ಟಿದ್ದರೆ ಅದರ ಕೆಳಗೆ ದಾರಿ ಕೊರೆದುಕೊಂಡು ಹೋಗಬೇಕು.

ಹಸಿ ಅಂದರೆ ಎಷ್ಟು? ಬೆಳಿಗ್ಗೆ ಬಿತ್ತಿದ ಹೊಲದ ಮಣ್ಣಿನಷ್ಟು ಅಂತ ರೈತರ ಮನೆಯಲ್ಲಿ ಹೇಳುತ್ತೇನೆ. ಹಿಡಿದರೆ ತಂಪು, ಹಿಂಡಿದರೆ ನೀರಿಲ್ಲ. ಗಾಯದ ತಳ ಹೊಳೆಯಬೇಕು, ಸುತ್ತಲ ಚರ್ಮ ಒಣಗಿರಬೇಕು. ಸುತ್ತಲ ಚರ್ಮ ಬಿಳಿಚಿ, ಬಟ್ಟೆ ಒಗೆದ ಬೆರಳಿನಂತೆ ಸುಕ್ಕಾಗಿದ್ದರೆ ಒದ್ದೆ ಜಾಸ್ತಿ ಆಗಿದೆ.

ಡ್ರೆಸ್ಸಿಂಗ್ ಆರಿಸುವಾಗ ನೀವು ಏನೇನು ನೋಡ್ತೀರಿ?

ಮೊದಲು ಹಳೆ ಪಟ್ಟಿ ನೋಡುತ್ತೇನೆ, ಗಾಯ ಆಮೇಲೆ. ಪಟ್ಟಿಯೇ ಅರ್ಧ ಕಥೆ ಹೇಳುತ್ತದೆ. ಒಣಗಿ ಗಾಯಕ್ಕೆ ಅಂಟಿದೆಯಾ? ಹಾಗಿದ್ದರೆ ಗಾಯ ಕೊಡುವ ನೀರಿಗಿಂತ ಪಟ್ಟಿ ಜಾಸ್ತಿ ಹೀರುತ್ತಿದೆ. ಅಂಚು ದಾಟಿ ಬೆಡ್‌ಶೀಟ್‌ಗೆ ಇಳಿದಿದೆಯಾ? ಪಟ್ಟಿ ಸಾಲದು, ಇಲ್ಲವೇ ಬದಲಿಸುವುದು ತಡವಾಗಿದೆ. ಇಳಿದ ನೀರು ತಿಳಿಯಾ, ಗುಲಾಬಿಯಾ, ದಪ್ಪ ಹಳದಿಯಾ, ಹಸಿರಾ?

ಆಮೇಲೆ ತಳದ ಬಣ್ಣ. ದಾಳಿಂಬೆ ಕಾಳಿನಂಥ ಕೆಂಪು, ಸಣ್ಣ ಸಣ್ಣ ಕಾಳುಕಾಳಾಗಿ ಮೇಲೆದ್ದಿದ್ದರೆ ಅದು ಹೊಸ ಮಾಂಸ. ಅದನ್ನು ಕಾಪಾಡಬೇಕು, ಕೆದಕಬಾರದು. ಹಳದಿ, ಲೋಳೆಯಂತೆ ಅಂಟಿದ್ದು ಸತ್ತ ಮಾಂಸ. ಬಹಳ ಮನೆಯವರು ಅದನ್ನು ಕೀವು ಅಂದುಕೊಂಡು ಉಜ್ಜಿ ಉಜ್ಜಿ ತೆಗೆಯಲು ನೋಡುತ್ತಾರೆ. ಒರೆಸಿದರೆ ಕೀವು ಬರುತ್ತದೆ, ಇದು ಬರುವುದಿಲ್ಲ. ಕಪ್ಪು ಚರ್ಮದ ತುಂಡಿನಂತಿದ್ದರೆ ಅದೂ ಸತ್ತದ್ದೇ. ಸತ್ತ ಮಾಂಸ ಇರುವವರೆಗೆ ಅದರ ಕೆಳಗೆ ಗಾಯ ತುಂಬುವುದಿಲ್ಲ. ಅದನ್ನು ಡಾಕ್ಟರ್ ಕತ್ತರಿಸಿ ತೆಗೆಯಬಹುದು, ಕೊಲಾಜಿನೇಸ್ ಥರದ ಮುಲಾಮಿನಿಂದ ಕರಗಿಸಬಹುದು, ಇಲ್ಲವೇ ಹೈಡ್ರೊಜೆಲ್ ಹಾಕಿ ಮೈಯೇ ನಿಧಾನಕ್ಕೆ ಬಿಡಿಸುವಂತೆ ಮಾಡಬಹುದು. ಮನೆಯಲ್ಲಿ ಬ್ಲೇಡ್ ಹಿಡಿಯುವ ಕೆಲಸ ಬೇಡವೇ ಬೇಡ.

ಆಳವನ್ನು ಕಣ್ಣಿನಿಂದ ಅಂದಾಜು ಮಾಡಲು ಆಗುವುದಿಲ್ಲ. ಬಾಯಿ ಚಿಕ್ಕದಿದ್ದು ಒಳಗೆ ಅಂಚಿನ ಕೆಳಗೆ ಪೊಳ್ಳು ಇರುತ್ತದೆ. ಸ್ಟೆರೈಲ್, ಅಂದರೆ ರೋಗಾಣು ಇಲ್ಲದಂತೆ ಮಾಡಿದ, ಕಡ್ಡಿಯಿಂದ ಮೆಲ್ಲಗೆ ನೋಡುತ್ತೇನೆ. ಕಡ್ಡಿ ತುದಿಗೆ ಗಟ್ಟಿಯಾಗಿ ಮೂಳೆ ತಾಗಿದರೆ ಅಲ್ಲಿಗೆ ನನ್ನ ಕೆಲಸ ನಿಲ್ಲುತ್ತದೆ. ಆಸ್ಪತ್ರೆಗೆ ಕಳಿಸುತ್ತೇನೆ.

ಕೊನೆಗೆ ಮನೆ ನೋಡುತ್ತೇನೆ. ಡ್ರೆಸ್ಸಿಂಗ್ ಯಾರು ಮಾಡುತ್ತಾರೆ? ದಿನಾ ಮಾಡಲು ಆಗುತ್ತದಾ? ಸೊಸೆ ಬೆಳಿಗ್ಗೆ ಕೂಲಿಗೆ ಹೋಗಿ ಸಂಜೆ ಬರುವ ಮನೆಗೆ ದಿನಕ್ಕೆ ಮೂರು ಸಲ ಬದಲಿಸುವ ಗಾಜ್ ಬರೆದುಕೊಟ್ಟರೆ ಅದು ನಡೆಯುವುದಿಲ್ಲ. ಪುಸ್ತಕದಲ್ಲಿ ಇದು ಕೊನೆಗೆ ಬರುತ್ತದೆ. ನನ್ನ ಲೆಕ್ಕದಲ್ಲಿ ಅರ್ಧ ತೀರ್ಮಾನ ಇದರ ಮೇಲೆಯೇ ಆಗುತ್ತದೆ.

ಮೆಡಿಕಲ್ ಅಂಗಡಿಯಲ್ಲಿ ಹತ್ತು ಹೆಸರು ಹೇಳ್ತಾರೆ. ಯಾವುದು ಯಾವುದಕ್ಕೆ?

ಚರ್ಮ ಒಡೆಯದ ಜಾಗಕ್ಕೆ, ಬರೀ ಉಜ್ಜುವುದನ್ನು ತಪ್ಪಿಸಲು, ಪಾರದರ್ಶಕ ಫಿಲ್ಮ್ ಸಾಕು. ನೀರು ಹೀರುವುದಿಲ್ಲ, ಅದಕ್ಕೇ ಸೋರುವ ಗಾಯಕ್ಕೆ ಹಾಕಬಾರದು.

ಹೈಡ್ರೊಕೊಲಾಯ್ಡ್ ಅಂದರೆ ಬಿಸ್ಕತ್ತಿನ ಬಣ್ಣದ, ರಬ್ಬರಿನಂಥ ಹಾಳೆ. ಜೆಲಾಟಿನ್, ಪೆಕ್ಟಿನ್ ಇರುತ್ತವೆ. ಎರಡನೇ ಹಂತದ ತೆಳು ಗಾಯಕ್ಕೆ, ಸ್ವಲ್ಪ ಸೋರುವುದಕ್ಕೆ ಇದು ನನಗೆ ಇಷ್ಟ. ಗಾಯಕ್ಕಿಂತ ಸುತ್ತಲೂ ಎರಡು ಮೂರು ಸೆಂಟಿಮೀಟರ್ ದೊಡ್ಡದು ಕತ್ತರಿಸಿ. ಎರಡು ಅಂಗೈ ನಡುವೆ ಒಂದು ನಿಮಿಷ ಇಟ್ಟು ಬೆಚ್ಚಗೆ ಮಾಡಿ, ಆಮೇಲೆ ಅಂಟಿಸಿ, ಮೇಲೆ ಕೈ ಇಟ್ಟು ಹಿಡಿಯಿರಿ. ಮೂರರಿಂದ ಏಳು ದಿನ ಇರುತ್ತದೆ. ಸೋಂಕು ಆಗಿರುವ ಗಾಯಕ್ಕೆ ಮುಚ್ಚಿ ಬಿಡುವ ಈ ಹಾಳೆ ಬೇಡ.

ಫೋಮ್ ಸ್ವಲ್ಪದಿಂದ ಜಾಸ್ತಿ ಸೋರುವ ಗಾಯಕ್ಕೆ. ಸಿಲಿಕಾನ್ ಅಂಚಿನದಾದರೆ ವಯಸ್ಸಾದವರ ತೆಳು ಚರ್ಮ ಕೀಳುವುದಿಲ್ಲ. ಅಂಚು ಎತ್ತಿ ನೋಡಿ ಮತ್ತೆ ಅಂಟಿಸಬಹುದು. ಆಲ್ಜಿನೇಟ್ ಕಡಲ ಪಾಚಿಯಿಂದ ಮಾಡಿದ್ದು, ನೋಡಲು ಹತ್ತಿಯಂತೆ. ಆಳದ, ತುಂಬಾ ಸೋರುವ ಗುಂಡಿಗೆ ಸಡಿಲವಾಗಿ ಇಟ್ಟರೆ ನೀರು ಕುಡಿದು ಜೆಲ್ ಆಗುತ್ತದೆ. ಮೇಲೆ ಇನ್ನೊಂದು ಪಟ್ಟಿ ಬೇಕೇ ಬೇಕು. ಹೈಡ್ರೊಜೆಲ್ ಇದರ ಉಲ್ಟಾ, ಅದು ನೀರು ಕೊಡುತ್ತದೆ. ಒಣಗಿದ, ಹಳದಿ ಪೊರೆ ಇರುವ, ಸೋರದ ಗಾಯಕ್ಕೆ.

ಸಿಲ್ವರ್ ಇರುವವು ಸೋಂಕಿನ ಲಕ್ಷಣ ಇದ್ದಾಗ ಮಾತ್ರ. ಎರಡು ವಾರ ಹಾಕಿ ಮತ್ತೆ ಯೋಚಿಸಬೇಕು. ತಿಂಗಳುಗಟ್ಟಲೆ ಸಿಲ್ವರ್ ಹಾಕಿಕೊಂಡಿದ್ದವರನ್ನು ನೋಡಿದ್ದೇನೆ. ಯಾಕೆ ಅಂತ ಕೇಳಿದರೆ, ಮೊದಲು ಬರೆದುಕೊಟ್ಟಿದ್ದರು, ಯಾರೂ ನಿಲ್ಲಿಸಿ ಅನ್ನಲಿಲ್ಲ.

ಗಾಳಿ ಎಳೆದುಕೊಳ್ಳುವ ಮಷಿನ್ ಇರುವ ವ್ಯಾಕ್ ಡ್ರೆಸ್ಸಿಂಗ್ ಆಸ್ಪತ್ರೆಯ ಮಾತು. ಸತ್ತ ಮಾಂಸ ತೆಗೆದ ಮೇಲೆ, ದೊಡ್ಡ ಗುಂಡಿಗೆ, ಸರ್ಜನ್ ಹೇಳಿದರೆ.

ಬರೀ ಗಾಜ್ ಬಟ್ಟೆ ಹಾಕಿದರೆ ತಪ್ಪಾ?

ಚಿಕಿತ್ಸೆ ಹೇಗಿರಬೇಕು ಅಂತ ಬರೆದುಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ದೊಡ್ಡವರ ಹಾಸಿಗೆ ಹುಣ್ಣಿಗೆ ಗಾಜ್ ಬೇಡ ಅಂತಲೇ ಬರೆದಿದೆ. ಅವರ ಕಾರಣ ನನಗೆ ಕೈಯಲ್ಲೇ ಗೊತ್ತು. ಬೆಳಿಗ್ಗೆ ಒದ್ದೆ ಮಾಡಿ ಇಟ್ಟ ಗಾಜ್ ಮಧ್ಯಾಹ್ನಕ್ಕೆ ಫ್ಯಾನ್ ಗಾಳಿಗೆ ಒಣಗಿರುತ್ತದೆ. ಸಂಜೆ ಕೀಳುವಾಗ ಅದರ ನೂಲಿನ ಕಣ್ಣುಗಳಲ್ಲಿ ಹೊಸ ಮಾಂಸ ಸಿಕ್ಕಿಕೊಂಡು ಬರುತ್ತದೆ. ಕೆಂಪು ಚುಕ್ಕಿ ಚುಕ್ಕಿಯಾಗಿ ರಕ್ತ. ರೋಗಿ ಹಲ್ಲು ಕಚ್ಚುತ್ತಾರೆ. ಮನೆಯವರು "ಹೊಲಸೆಲ್ಲ ಬಂತು" ಅಂತ ಸಮಾಧಾನ ಪಡುತ್ತಾರೆ. ಬಂದದ್ದು ಮೂರು ದಿನ ಕಷ್ಟಪಟ್ಟು ಬೆಳೆದ ಮಾಂಸ.

ಆದರೆ ಗಾಜ್ ಬಿಟ್ಟು ಬೇರೇನೂ ಕೊಳ್ಳಲು ಆಗದ ಮನೆಗಳು ನಮ್ಮಲ್ಲಿ ಬಹಳ. ಅವರಿಗೆ ಗಾಜ್ ಹಾಕಬೇಡಿ ಅಂದರೆ ಏನೂ ಹಾಕಬೇಡಿ ಅಂದ ಹಾಗೆ. ಹಾಗಾಗಿ ನಾನು ಹೇಳುವುದು: ತಳಕ್ಕೆ ಪ್ಯಾರಾಫಿನ್ ಗಾಜ್, ಅಂದರೆ ಮೇಣದಂಥ ಜಿಡ್ಡು ಸವರಿದ ಗಾಜ್, ಇಡಿ, ಅದು ಅಂಟುವುದಿಲ್ಲ. ಅದರ ಮೇಲೆ ಸಲೈನ್‌ನಲ್ಲಿ ಅದ್ದಿ ಹಿಂಡಿದ ಗಾಜ್, ಅದರ ಮೇಲೆ ಒಣ ಪ್ಯಾಡ್. ಒಣಗುವ ಮೊದಲೇ ಬದಲಿಸಿ. ಒಣಗಿ ಅಂಟಿದ್ದರೆ ಎಳೆಯಬೇಡಿ. ಸಲೈನ್ ಸುರಿದು ಐದು ನಿಮಿಷ ಬಿಡಿ, ತಾನೇ ಬಿಡುತ್ತದೆ.

ಗುಂಡಿಗೆ ಗಾಜ್ ತುಂಬುವಾಗ ಒಂದೇ ಉದ್ದನೆಯ ಪಟ್ಟಿ ಬಳಸಿ, ತುದಿ ಹೊರಗೆ ಬಿಡಿ. ಹಾಕಿದ್ದನ್ನು ಎಣಿಸಿ ಚೀಟಿಯಲ್ಲಿ ಬರೆಯಿರಿ. ಒಂದು ಮನೆಯಲ್ಲಿ ಎರಡು ತಿಂಗಳಿಂದ ವಾಸನೆ ನಿಂತಿರಲಿಲ್ಲ. ಅದಕ್ಕೂ ಮೊದಲು ಬೇರೆ ಬೇರೆ ಕೈ ಆ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿತ್ತು. ಚಿಮಟ ಹಾಕಿ ಪಕ್ಕದ ಪೊಳ್ಳಿನಿಂದ ಎಳೆದೆ. ಬೂದು ಬಣ್ಣದ ಗಾಜ್ ತುಂಡೊಂದು ಬಂತು. ಅದು ಯಾವಾಗಿನದು ಅಂತ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ವಾರ ವಾಸನೆ ಇರಲಿಲ್ಲ. ಅಷ್ಟು ದಿನ ತಿಂದ ಮಾತ್ರೆಗಳೆಲ್ಲ ಸುಮ್ನೆ.

ಇನ್ನೊಂದು: ಗಟ್ಟಿಯಾಗಿ ತುರುಕಬೇಡಿ. ತುರುಕಿದ ಗಾಜ್ ಬಟ್ಟೆಯೂ ಒಂದು ಒತ್ತಡವೇ.

ತೊಳೆಯುವುದು ಯಾವುದರಿಂದ? ಬೆಟಾಡಿನ್, ಸ್ಪಿರಿಟ್, ನೊರೆ ಬರುವ ಔಷಧ?

ನಾರ್ಮಲ್ ಸಲೈನ್ ಸಾಕು. ನೂರು ಎಂಎಲ್‌ನ ಚಿಕ್ಕ ಬಾಟಲಿ ತನ್ನಿ. ತೆರೆದದ್ದನ್ನು 24 ಗಂಟೆ ಮೇಲೆ ಇಡಬೇಡಿ, ಉಳಿದದ್ದು ಚೆಲ್ಲಿ. ಸಿಗದಿದ್ದರೆ ಒಂದು ಲೀಟರ್ ನೀರು ಚೆನ್ನಾಗಿ ಕುದಿಸಿ, 9 ಗ್ರಾಂ ಉಪ್ಪು, ಅಂದರೆ ಸಮ ಮಾಡಿದ ಚಹಾ ಚಮಚದಲ್ಲಿ ಸುಮಾರು ಒಂದೂವರೆ, ಹಾಕಿ ಆರಿಸಿ. ಕುಡಿಯಲು ಯೋಗ್ಯವಾದ ನೀರಿನಿಂದಲೂ ತೊಳೆಯಬಹುದು. ಟ್ಯಾಂಕರ್ ನೀರು ಬೇಡ.

ಸ್ಪಿರಿಟ್ ಉರಿಸುತ್ತದೆ, ಹೊಸ ಮಾಂಸ ಸುಡುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬಂದಾಗ ಕೊಳೆ ಏಳುತ್ತಿದೆ ಅನ್ನಿಸುತ್ತದೆ. ಅದು ಹೊಸ ಜೀವಕಣಗಳನ್ನೂ ಕೊಲ್ಲುತ್ತದೆ. ಆಳದ ಗುಂಡಿಗೆ ಹಾಕಿದರೆ ಆ ಗಾಳಿಗುಳ್ಳೆ ರಕ್ತಕ್ಕೆ ಹೋಗುವ ಅಪಾಯವೂ ಇದೆ. ಬೆಟಾಡಿನ್ ಸೋಂಕು ಇದ್ದಾಗ, ಡಾಕ್ಟರ್ ಹೇಳಿದ ದಿನಗಳಿಗೆ ಮಾತ್ರ. ಥೈರಾಯ್ಡ್ ಅಥವಾ ಕಿಡ್ನಿ ತೊಂದರೆ ಇದ್ದರೆ ದೊಡ್ಡ ಗಾಯಕ್ಕೆ ದಿನಾ ಸುರಿಯುವ ಮೊದಲು ಕೇಳಿ.

ಅರಿಶಿನ, ಜೇನು, ಕೊಬ್ಬರಿ ಎಣ್ಣೆ, ಪೌಡರ್?

ಅರಿಶಿನದ ಮೇಲೆ ನನಗೆ ಸಿಟ್ಟಿಲ್ಲ, ಅಡುಗೆಮನೆಯಲ್ಲಿರಲಿ. ಗಾಯಕ್ಕೆ ಹಾಕಿದರೆ ತಳದ ಬಣ್ಣವೇ ಕಾಣುವುದಿಲ್ಲ, ಕೀವಾ ಅರಿಶಿನವಾ ಅಂತ ನಾನು ಹೇಗೆ ಹೇಳಲಿ? ಡಬ್ಬಿಯ ಪುಡಿ ಸ್ಟೆರೈಲ್ ಕೂಡ ಅಲ್ಲ. ಜೇನಿಗೆ ಸ್ವಲ್ಪ ಗುಣ ಇದೆ, ಆದರೆ ಅದಕ್ಕೆ ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿದ ಡ್ರೆಸ್ಸಿಂಗ್ ಬೇರೆ ಸಿಗುತ್ತದೆ. ಮನೆ ಜೇನಿನಲ್ಲಿ ರೋಗಾಣುವಿನ ಬೀಜಕಣ ಇರಬಹುದು. ಆಂಟಿಬಯೋಟಿಕ್ ಪುಡಿ ಪದರ ಪದರವಾಗಿ ಗಟ್ಟಿಯಾಗುತ್ತದೆ, ಅದನ್ನು ಕೀಳುವುದೇ ಒಂದು ಕೆಲಸ. ಕೊಬ್ಬರಿ ಎಣ್ಣೆ ಒಡೆಯದ ಚರ್ಮಕ್ಕೆ ಹಚ್ಚಿ, ಗಾಯದೊಳಗೆ ಬೇಡ. ಎಣ್ಣೆ ಹಚ್ಚಿದ ಜಾಗಕ್ಕೆ ಪಟ್ಟಿ ಅಂಟುವುದಿಲ್ಲ ಅನ್ನುವುದೂ ನೆನಪಿರಲಿ.

ಹೈಡ್ರೊಕೊಲಾಯ್ಡ್ ಬಿಚ್ಚಿದರೆ ಹಳದಿ ಲೋಳೆ, ಕೆಟ್ಟ ವಾಸನೆ. ಕೀವಾಯ್ತಾ?

ಈ ಫೋನ್ ನನಗೆ ವಾರಕ್ಕೊಂದು ಬರುತ್ತದೆ. ಹೆದರಬೇಡಿ. ಹಾಳೆ ಗಾಯದ ನೀರು ಕುಡಿದು ಕರಗಿದಾಗ ಹಾಗೆ ಆಗುತ್ತದೆ. ಸಲೈನ್‌ನಿಂದ ತೊಳೆಯಿರಿ, ಆಮೇಲೆ ಮೂಸಿ ನೋಡಿ. ವಾಸನೆ ಹೋಗಿ, ತಳ ಕೆಂಪಗಿದ್ದರೆ ಎಲ್ಲ ಸರಿ. ತೊಳೆದ ಮೇಲೂ ವಾಸನೆ ಇದ್ದರೆ ಮುಂದಿನ ಪ್ರಶ್ನೆ ಓದಿ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಜ್ವರ, ನಡುಕ ಬಂದರೆ. ಗಾಯದ ಸುತ್ತ ಬಿಸಿ, ಊತ, ಕೆಂಪು ದಿನದಿನಕ್ಕೆ ಹರಡಿದರೆ. ನೆನ್ನೆವರೆಗೆ ಮಾತಾಡುತ್ತಿದ್ದವರು ಇವತ್ತು ಗೊಂದಲದಲ್ಲಿದ್ದರೆ, ಊಟ ಬಿಟ್ಟರೆ. ಮೂಳೆ ಕಂಡರೆ. ಗಾಯದ ಸುತ್ತ ಒತ್ತಿದಾಗ ಚರ್ಮದ ಕೆಳಗೆ ಚರಚರ ಅಂದರೆ ಒಂದು ಗಂಟೆಯೂ ತಡ ಮಾಡಬೇಡಿ, 108ಕ್ಕೆ ಕರೆ ಮಾಡಿ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಸರ್ಜರಿ ವಿಭಾಗ ಕೇಳಿ ಹೋಗಿ. ಎಲ್ಲದಕ್ಕೂ ಸೊಲ್ಲಾಪುರ, ಹೈದರಾಬಾದ್ ಅಂತ ಗಾಡಿ ಮಾಡಿಸಿ, ಗಾಯದ ಮೇಲೆ ನಾಲ್ಕೈದು ಗಂಟೆ ಕೂರಿಸಿಕೊಂಡು ಹೋಗುವುದು ಬೇಡ.

ಗಾಯದ ಮೇಲಿಂದ ಹತ್ತಿಯಲ್ಲಿ ಒರೆಸಿ ಲ್ಯಾಬಿಗೆ ಕಳಿಸಿ ಅಂತ ನೀವೇ ಒತ್ತಾಯ ಮಾಡಬೇಡಿ. ತೆರೆದ ಗಾಯದ ಮೇಲೆ ರೋಗಾಣು ಯಾವಾಗಲೂ ಇರುತ್ತವೆ, ರಿಪೋರ್ಟಿನಲ್ಲಿ ಏನಾದರೂ ಬಂದೇ ಬರುತ್ತದೆ. ರೋಗಿಯ ಮೈ ಹೇಗಿದೆ ಅನ್ನುವುದು ಮುಖ್ಯ. ಬರೀ ವಾಸನೆಯ ತೊಂದರೆಗೆ ಮೆಟ್ರೋನಿಡಜೋಲ್ ಜೆಲ್ ಬಗ್ಗೆ ಡಾಕ್ಟರನ್ನು ಕೇಳಿ. ವಾಸನೆ ಹಿಡಿಯುವ ಇದ್ದಿಲಿನ ಡ್ರೆಸ್ಸಿಂಗ್ ಕೂಡ ಇದೆ.

ಹಿಮ್ಮಡಿ ಮೇಲೆ ಕಪ್ಪಗೆ, ಗಟ್ಟಿಯಾಗಿ ಹಕ್ಕಳೆ ಕಟ್ಟಿದೆ. ನೆನೆಸಿ ತೆಗೆಯೋಣವಾ?

ಬೇಡ! ಒಣಗಿ, ಗಟ್ಟಿಯಾಗಿ, ಅಂಚು ಅಂಟಿಕೊಂಡು, ಸುತ್ತ ಊತ ಕೆಂಪು ಇಲ್ಲದಿದ್ದರೆ ಅದೇ ಮುಚ್ಚಳ. ಹಿಂದೆ ಹೇಳಿದ ಹಸಿ ಇಡುವ ಮಾತು ಇಲ್ಲಿ ನಡೆಯುವುದಿಲ್ಲ. ಒಣಗಿಯೇ ಇಡಿ, ಒಣ ಗಾಜ್ ಸುತ್ತಿ, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಗಂಡದ ಕೆಳಗೆ ದಿಂಬು ಇಟ್ಟು ಎತ್ತಿ ಹಿಡಿಯಿರಿ. ಸಕ್ಕರೆ ಕಾಯಿಲೆ ಇದ್ದರೆ ಕಾಲಿನ ರಕ್ತದ ಓಟ ಪರೀಕ್ಷೆ ಮಾಡಿಸದೆ ಆ ಜಾಗ ಕತ್ತರಿಸಲು ಬಿಡಬೇಡಿ. ಅದು ಮೆತ್ತಗಾದರೆ, ಸೋರಿದರೆ, ಅವತ್ತೇ ತೋರಿಸಿ.

ಟೊಂಕದ ಗಾಯಕ್ಕೆ ಪದೇ ಪದೇ ಮಲ ತಾಗುತ್ತದೆ. ಏನು ಮಾಡೋದು?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಪಟ್ಟಿಯ ಕೆಳಗಿನ ಅಂಚಿಗೇ ಮಲ ನುಗ್ಗುವುದು. ಆ ಕಡೆ ಅಂಚನ್ನು ಚರ್ಮದ ಸೀಳಿಗೆ ಮಡಚಿ ಒತ್ತಿ ಅಂಟಿಸಿ, ಅದರ ಮೇಲೆ ಫಿಲ್ಮ್ ಪಟ್ಟಿ ಹಾಕಿ. ಟೊಂಕದ ಕೆಳಗಿನ ಜಾಗಕ್ಕೆಂದೇ ಇರುವ, ಕೆಳಗೆ ತ್ರಿಕೋನದ ಆಕಾರದ ಸ್ಯಾಕ್ರಲ್ ಫೋಮ್ ಸಿಕ್ಕರೆ ಇನ್ನೂ ಒಳ್ಳೆಯದು. ಮಲ ಒಳಗೆ ಹೋದರೆ ಏಳು ದಿನದ ಪಟ್ಟಿ ಅಂತ ಉಳಿಸಬೇಡಿ, ಆಗಲೇ ಕಿತ್ತು ತೊಳೆಯಿರಿ. ದಿನಾ ಹೀಗೇ ಆಗುತ್ತಿದ್ದರೆ ದುಬಾರಿ ಪಟ್ಟಿಗೆ ದುಡ್ಡು ಸುರಿಯುವುದು ದಂಡ. ಅಲ್ಲಿವರೆಗೆ ಅಗ್ಗದ್ದೇ ಹಾಕಿ, ಭೇದಿ ನಿಲ್ಲಿಸುವ ಕಡೆ ನೋಡಿ. ಡೈಪರ್ ಒಂದರ ಮೇಲೊಂದು ಹಾಕಬೇಡಿ, ಸೆಕೆ ಹೆಚ್ಚಾಗಿ ಚರ್ಮ ಬೇಯುತ್ತದೆ.

ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ದಾಟಿದಾಗ ಬೆವರಿಗೆ ಅಂಟೇ ಬಿಡುತ್ತದೆ. ಅಂಟಿಸುವ ಮೊದಲು ಸುತ್ತಲ ಚರ್ಮ ಮೃದು ಬಟ್ಟೆಯಿಂದ ಒತ್ತಿ ಒಣಗಿಸಿ. ಡ್ರೆಸ್ಸಿಂಗ್ ಡಬ್ಬಿಯನ್ನು ಪತ್ರಾಸ್ (ತಗಡಿನ ಮಾಡು) ಕೆಳಗಿನ ಅಟ್ಟದಲ್ಲಿ ಇಡಬೇಡಿ, ಮನೆಯ ತಂಪು ಮೂಲೆಯಲ್ಲಿ ಇಡಿ.

ಏರ್ ಬೆಡ್ ತಂದಿದ್ದೇವೆ. ಆದರೂ ಹೊರಳಿಸಬೇಕಾ?

ಬೇಕು. ಎರಡು ಗಂಟೆಗೊಮ್ಮೆ ಅನ್ನುವುದು ವಾಡಿಕೆಯ ಲೆಕ್ಕ. ಒಳ್ಳೆ ಹಾಸಿಗೆ ಇದ್ದು ಚರ್ಮ ಚೆನ್ನಾಗಿದ್ದರೆ ರಾತ್ರಿ ಸ್ವಲ್ಪ ಸಡಿಲ ಮಾಡಬಹುದು, ನಿಮಗೂ ನಿದ್ದೆ ಬೇಕಲ್ಲ. ಪೂರ್ತಿ ಮಗ್ಗುಲಿಗೆ ಹಾಕಿದರೆ ತೊಡೆಯ ಮೂಳೆ ಒತ್ತುತ್ತದೆ. ಬೆನ್ನ ಹಿಂದೆ ದಿಂಬು ಇಟ್ಟು ಅರೆ ಓರೆ, 30 ಡಿಗ್ರಿಯಷ್ಟು ಸಾಕು. ತಲೆ ಕಡೆ ಮಂಚ ಜಾಸ್ತಿ ಎತ್ತಿದರೆ ಮೈ ಕೆಳಕ್ಕೆ ಜಾರಿ ಚರ್ಮ ಎಳೆಯುತ್ತದೆ, ಊಟವಾದ ಸ್ವಲ್ಪ ಹೊತ್ತಿನ ಮೇಲೆ ಇಳಿಸಿ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಏರ್ ಬೆಡ್ ನೆಲ ಮುಟ್ಟುತ್ತದೆ. ಕೆಳಗೆ ಒಂದು ಹತ್ತಿ ಗಾದಿ ಇದ್ದೇ ಇರಲಿ. ಗಾಳಿ ತುಂಬುವ ರಿಂಗ್ ಮೇಲೆ ಕೂರಿಸಬೇಡಿ, ಅದರ ಅಂಚು ರಕ್ತ ತಡೆಯುತ್ತದೆ.

ಊಟ?

ಪ್ರೋಟೀನ್. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.25ರಿಂದ 1.5 ಗ್ರಾಂ ಅನ್ನುತ್ತಾರೆ. ಐವತ್ತು ಕಿಲೋದವರಿಗೆ ಸುಮಾರು 63ರಿಂದ 75 ಗ್ರಾಂ. ನಮ್ಮದು ತೊಗರಿಯ ಕಣಜ, ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ವಿಶೇಷತೆಯ, ಗುರುತೂ ಸಿಕ್ಕಿದೆ, ಆದರೂ ಮಲಗಿದವರಿಗೆ ಬರೀ ಗಂಜಿ, ಬಿಸ್ಕತ್ತು! ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲಿ 6. ರೊಟ್ಟಿಯನ್ನು ಗಟ್ಟಿ ಬೇಳೆಯಲ್ಲಿ ನೆನೆಸಿ ಕೊಡಿ. ಮೊಸರು, ಶೇಂಗಾ ಹಿಂಡಿ ಕಲಸಿ ಕೊಡಿ. ಕಿಡ್ನಿ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಸಕ್ಕರೆ ಎಷ್ಟಿದೆ, ರಕ್ತ ಕಡಿಮೆ ಇದೆಯಾ, ಎರಡೂ ಪರೀಕ್ಷೆ ಮಾಡಿಸಿ.

ಅಗ್ಗದಲ್ಲಿ ಆಗೋದು ಹೇಗೆ?

ಒಂದು ಪಟ್ಟಿಯ ಬೆಲೆ ನೋಡಬೇಡಿ, ಒಂದು ವಾರದ ಲೆಕ್ಕ ಹಾಕಿ. ದಿನಕ್ಕೆ ಎರಡು ಸಲ ಗಾಜ್, ಪ್ಯಾಡ್, ಟೇಪ್, ಕೈಗವಸು, ಸಲೈನ್, ಜೊತೆಗೆ ನನ್ನಂಥವಳು ಬಂದರೆ ಆ ಕೂಲಿ. ವಾರಕ್ಕೆ ಎರಡು ಫೋಮ್ ಹಾಕಿದರೆ ಎಷ್ಟಾಯಿತು? ಕೆಲವೊಮ್ಮೆ ಫೋಮೇ ಅಗ್ಗ ಬೀಳುತ್ತದೆ. ಪೂರ್ತಿ ಡಬ್ಬಿ ಕೊಳ್ಳುವ ಮೊದಲು ಒಂದೇ ಒಂದು ತಂದು ನೋಡಿ, ಗಾಯ ಬದಲಾದರೆ ಉಳಿದದ್ದು ದಂಡ. ಸಲೈನ್, ಗಾಜ್‌ನಂಥ ಸಾಮಾನ್ಯ ಸಾಮಾನಿಗೆ ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಿ.

ಎಷ್ಟು ದಿನಕ್ಕೆ ಮಾಯುತ್ತದೆ? ಸರಿ ಹೋಗ್ತಿದೆ ಅಂತ ಗೊತ್ತಾಗೋದು ಹೇಗೆ?

ತೆಳು ಗಾಯ ವಾರಗಳ ಮಾತು. ಆಳದ್ದು ತಿಂಗಳುಗಳು. ವಾರಕ್ಕೊಮ್ಮೆ, ಅದೇ ದಿನ, ಅದೇ ಮಗ್ಗುಲಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ತಲೆಯಿಂದ ಕಾಲಿನ ಕಡೆ ಉದ್ದ, ಅಡ್ಡ ಅಗಲ, ಕ್ಯಾಲೆಂಡರ್ ಮೇಲೆ ಬರೆಯಿರಿ. ಎರಡು ವಾರ ಎಲ್ಲ ಸರಿಯಾಗಿ ಮಾಡಿದರೂ ಒಂದಿಷ್ಟೂ ಕುಗ್ಗದಿದ್ದರೆ ಪಟ್ಟಿ ಬದಲಿಸುವ ಮೊದಲು ಬೇರೆಯದನ್ನು ಹುಡುಕಿ: ಹೊರಳಿಸುವುದು ತಪ್ಪುತ್ತಿದೆಯಾ, ಊಟ ಸಾಲದಾ, ಒಳಗೆ ಸೋಂಕಿದೆಯಾ.

ಕೆಲವರಿಗೆ ಮಾಯುವುದಿಲ್ಲ. ಕ್ಯಾನ್ಸರ್ ಕೊನೆ ಹಂತದಲ್ಲಿರುವವರು, ಉಸಿರೇ ಕಷ್ಟವಾದವರು. ಅಲ್ಲಿ ಡ್ರೆಸ್ಸಿಂಗ್ ಆರಿಸುವ ಲೆಕ್ಕವೇ ಬೇರೆ. ಬಿಚ್ಚುವಾಗ ನೋಯಬಾರದು, ವಾಸನೆ ಬರಬಾರದು, ಮೊಮ್ಮಕ್ಕಳು ಪಕ್ಕದಲ್ಲಿ ಬಂದು ಕೂರುವಂತಿರಬೇಕು. ಆ ಮನೆಗಳಲ್ಲಿ ಸಿಲಿಕಾನ್ ಫೋಮ್ ಹಾಕಿ, ಏಳು ದಿನ ಮುಟ್ಟುವುದಿಲ್ಲ. ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆ ಕಾದ ಮೇಲೆಯೇ ಪಟ್ಟಿ ಬಿಚ್ಚುತ್ತೇನೆ.

ಗಾಯ ಮುಚ್ಚಿತು. ಪಟ್ಟಿ ಬಿಟ್ಟುಬಿಡಬಹುದಾ?

ಪಟ್ಟಿ ಬಿಡಬಹುದು. ಇನ್ನೆರಡು ವಾರ ಆ ಜಾಗದ ಮೇಲೆ ತೆಳು ಫೋಮ್ ಇಟ್ಟರೆ ಉಜ್ಜುವುದು ತಪ್ಪುತ್ತದೆ, ಕೈಯಲ್ಲಿ ದುಡ್ಡಿದ್ದರೆ ಇಡಿ. ಹೊಸ ಚರ್ಮ ಗುಲಾಬಿ, ತೆಳು, ಹೊಳೆಯುತ್ತದೆ. ತಿಂಗಳುಗಳು ಕಳೆದರೂ ಮೊದಲಿನ ಚರ್ಮದ ಶೇಕಡಾ 80ರಷ್ಟು ಬಲಕ್ಕಿಂತ ಜಾಸ್ತಿ ಅದಕ್ಕೆ ಬರುವುದಿಲ್ಲ. ಆ ಮಗ್ಗುಲಿಗೆ ಮಲಗಿಸುವಾಗ ಹೊತ್ತು ಕಡಿಮೆ ಇಡಿ. ಶಹಾಬಾದ್ ಕಲ್ಲಿನ ಮೇಲೆ ಮಲಗಿದ್ದರಲ್ಲ, ಆ ಮಾವನವರ ಗಾಯ ಐದು ತಿಂಗಳಿಗೆ ಮುಚ್ಚಿತು. ಮೊನ್ನೆ ಫೋನ್ ಮಾಡಿದ್ದರು. "ಮಂಚ ಮಾರಿಬಿಡೋಣೇನ್ರಿ ಸಿಸ್ಟರ್, ಜಾಗ ಸಾಲವಲ್ದು" ಅಂತ ಸೊಸೆ ಕೇಳಿದಳು. ಮಾರಬೇಡಿ ಅಂದೆ.